ನಾಯಿಗೆ ಉಣ್ಣೆ ಕಿತ್ತಷ್ಟೂ ಬರುತ್ತಿವೆ, ಮನೆಯಲ್ಲಿ ಬೆಕ್ಕೂ ಇದೆ. ಯಾವ ಔಷಧಿ ಹಾಕಬಹುದು?

ಕರಿಯನ ಅಮ್ಮ, ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ, ಪುಟ್ಟಿ ಅಂತ ಒಂದು ಬೆಕ್ಕು ಇವೆ. ಕರಿಯ ಬೀದಿಯಿಂದ ಬಂದವನು, ಈಗ 18 ಕೆಜಿ ಇದ್ದಾನೆ. ಮಳೆ ಶುರುವಾದಾಗಿನಿಂದ ಅವನ ಮೈಮೇಲೆ ಉಣ್ಣೆಯೋ ಉಣ್ಣೆ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ ಹುಡುಕಿ ಹುಡುಕಿ ಕೀಳುತ್ತೇನೆ. ಉಣ್ಣೆಗೆ ಅಂತಲೇ ಬರುವ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇನೆ. ಒಂದು ವಾರ ಚೆನ್ನಾಗಿರುತ್ತಾನೆ, ಆಮೇಲೆ ಮತ್ತೆ ಅದೇ ಪಾಡು.

ನಿನ್ನೆ ಪುಟ್ಟಿಯ ಕತ್ತಿನ ಕೂದಲಲ್ಲೂ ಏನೋ ಓಡಿದ ಹಾಗೆ ಕಂಡಿತು. ಅಂಗಡಿಯಲ್ಲಿ ನಾಯಿಯ ಕತ್ತಿಗೆ ಬಿಡುವ ಹನಿ ಔಷಧಿ ಕೊಟ್ಟಿದ್ದಾರೆ. "ಬೆಕ್ಕಿಗೂ ಅರ್ಧ ಹಾಕಿ, ಏನೂ ಆಗಲ್ಲ" ಅಂದರು. ಹಾಕಬಹುದಾ? ಧೈರ್ಯ ಬರಲಿಲ್ಲ, ಹಾಗೇ ಇಟ್ಟಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ.

ಪಶುವೈದ್ಯೆ, ಮಂಡ್ಯ

ಹಾಕಬೇಡಿ. ಮೊದಲು ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. "ಪರ್ಮೆಥ್ರಿನ್" ಅಂತ ಇದ್ದರೆ ಅದು ಬೆಕ್ಕಿಗೆ ವಿಷ. ಅರ್ಧ ಅಲ್ಲ, ಕಾಲು ಭಾಗವೂ ಬೇಡ. ನಾಯಿಯ ಯಕೃತ್ತು ಇದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಕೆಲಸಕ್ಕೆ ಬೇಕಾದ ಕಿಣ್ವ ತೀರಾ ಕಡಿಮೆ. ಹಾಗಾಗಿ ವಿಷ ಮೈಯಲ್ಲೇ ಉಳಿದು ನರಗಳಿಗೆ ಹತ್ತುತ್ತದೆ. ಹಾಕಿದ ಕೆಲವೇ ಗಂಟೆಗಳಲ್ಲಿ ಕಿವಿ, ಮುಖ ಅದುರುವುದು, ನಡೆಯುವಾಗ ತೂರಾಡುವುದು, ಜೊಲ್ಲು, ಆಮೇಲೆ ಫಿಟ್ಸ್. ನಮ್ಮಲ್ಲಿಗೆ ಇಂಥ ಬೆಕ್ಕುಗಳು ಬರುತ್ತವೆ. ತಂದವರೆಲ್ಲ ಬೆಕ್ಕನ್ನು ಪ್ರೀತಿಯಿಂದ ಸಾಕಿದವರೇ. ಅವರಿಗೆ ಯಾರೋ "ಏನೂ ಆಗಲ್ಲ" ಅಂದಿರುತ್ತಾರೆ.

ಇನ್ನೊಂದು ವಿಷಯ. ಆ ಔಷಧಿಯನ್ನು ಕರಿಯನಿಗೆ ಮಾತ್ರ ಹಾಕಿದರೂ ಪುಟ್ಟಿ ಅವನ ಮೈ ನೆಕ್ಕಿದರೆ, ಅವನ ಜೊತೆ ಮಲಗಿದರೆ ಅಪಾಯವೇ. ಇಬ್ಬರನ್ನೂ ಮೂರು ದಿನ ಬೇರೆ ಬೇರೆ ಇಡಬೇಕಾಗುತ್ತದೆ. ಬೆಕ್ಕಿರುವ ಮನೆಯಲ್ಲಿ ನಾಯಿಗೂ ಪರ್ಮೆಥ್ರಿನ್ ಇಲ್ಲದ ಔಷಧಿಯನ್ನೇ ಆರಿಸುವುದು ಕ್ಷೇಮ. ಬೇಕಾದಷ್ಟು ಇವೆ.

ಕರಿಯನ ಅಮ್ಮ, ಕುವೆಂಪುನಗರ

ಡಾಕ್ಟ್ರೇ, ಈಗ ನೋಡಿದೆ. ಪರ್ಮೆಥ್ರಿನ್ ಅಂತಲೇ ಇದೆ. ಮೈಯೆಲ್ಲ ಜುಂ ಅಂದಿತು. ನಾಳೆಯೇ ವಾಪಸ್ ಕೊಡುತ್ತೇನೆ.

ಹಾಲಿನ ಮನೆ, ಮದ್ದೂರು

ಅಕ್ಕಾ, ಅಷ್ಟೆಲ್ಲ ಖರ್ಚು ಯಾಕೆ? ನಮ್ಮ ಕಡೆ ಹಸುಗಳಿಗೆ ಉಣ್ಣೆ ಔಷಧಿ ತರುತ್ತೇವಲ್ಲ, ಅದನ್ನೇ ನೀರಿಗೆ ಬೆರೆಸಿ ನಾಯಿಗೂ ಒರೆಸುತ್ತಾರೆ. ಕೊಟ್ಟಿಗೆಗೂ ಹೊಡೆಯುತ್ತಾರೆ. ಸಣ್ಣ ಬಾಟಲಿ ಸುಮಾರು ದಿನ ಬರುತ್ತದೆ.

ಪಶುವೈದ್ಯೆ, ಮಂಡ್ಯ

ಅಣ್ಣ, ಹಸುವಿನ ಔಷಧಿ ಹಸುವಿಗೇ ಇರಲಿ. ನೀವು ಹೇಳುವ ಬಾಟಲಿಯಲ್ಲಿ ಸಾಮಾನ್ಯವಾಗಿ ಡೆಲ್ಟಾಮೆಥ್ರಿನ್ ಅಥವಾ ಅಮಿಟ್ರಾಜ್ ಇರುತ್ತದೆ. ಡೆಲ್ಟಾಮೆಥ್ರಿನ್ ಕೂಡ ಪರ್ಮೆಥ್ರಿನ್ನಿನ ಜಾತಿಯದೇ. ಅಮಿಟ್ರಾಜ್ ಬೆಕ್ಕಿಗೆ ಬೇಡವೇ ಬೇಡ. ನಾಯಿಗೂ ಜಾಸ್ತಿಯಾದರೆ ಮಂಪರು ಹತ್ತಿ ಎದೆಬಡಿತ ನಿಧಾನವಾಗುತ್ತದೆ. ಹಸುವಿಗೆ ಎಷ್ಟು ನೀರಿಗೆ ಎಷ್ಟು ಎಂಎಲ್ ಅನ್ನುವ ಲೆಕ್ಕವೇ ಬೇರೆ. ಕೊಟ್ಟಿಗೆಯಲ್ಲಿ ಮುಚ್ಚಳದ ಅಳತೆಯಲ್ಲಿ ಹಾಕುವವರು ನಾಯಿಗೂ ಅದೇ ಮುಚ್ಚಳ ಹಿಡಿಯುತ್ತಾರೆ. ನಾಯಿ ಮೈ ನೆಕ್ಕಿಕೊಳ್ಳುತ್ತದೆ ಅನ್ನುವುದನ್ನು ಆಗ ಯಾರೂ ಯೋಚಿಸುವುದಿಲ್ಲ. ಕೊಟ್ಟಿಗೆಗೆ ಹೊಡೆದರೆ ಒಣಗುವ ತನಕ ಬೆಕ್ಕು, ನಾಯಿ, ಕೋಳಿ ಯಾವುದನ್ನೂ ಬಿಡಬೇಡಿ.

ಹಾಲಿನ ಮನೆ, ಮದ್ದೂರು

ಸರಿ ಮೇಡಂ. ಊರಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಇಲಿ ಹಿಡಿಯಲು ಬೆಕ್ಕು ಎಲ್ಲರ ಮನೆಯಲ್ಲೂ ಇವೆ.

ಹುಣಸೂರಿನಿಂದ

ನಮ್ಮಲ್ಲಿ ಹೊಗೆಸೊಪ್ಪಿನ ನೀರು ಹಾಕುತ್ತಾರೆ. ಎಲೆ ನೆನೆಸಿ ಆ ನೀರಲ್ಲಿ ನಾಯಿಗೆ ಸ್ನಾನ. ಉಣ್ಣೆ ಉದುರುವುದಂತೂ ನಿಜ. ಇದು ಗಿಡದ್ದೇ ಅಲ್ವಾ, ತೊಂದರೆ ಇಲ್ಲ ಅಂದುಕೊಂಡಿದ್ದೇವೆ. ಸರಿಯಾ?

ಪಶುವೈದ್ಯೆ, ಮಂಡ್ಯ

ಉಣ್ಣೆ ಉದುರುವುದು ನಿಕೋಟಿನ್‌ನಿಂದ. ಅದೇ ನಿಕೋಟಿನ್ ನಾಯಿಯ ಚರ್ಮದಿಂದಲೂ ಒಳಗೆ ಇಳಿಯುತ್ತದೆ. ಹೊಲದಲ್ಲಿ ಹಸಿ ಎಲೆ ಕೀಳುವವರಿಗೆ ತಲೆಸುತ್ತು, ವಾಂತಿ ಬರುವುದು ನೀವೇ ನೋಡಿರುತ್ತೀರಿ. ಅದೂ ಇದೇ ಕಾರಣಕ್ಕೆ. ಹತ್ತು ಕೆಜಿಯ ನಾಯಿಗೆ, ಅದಕ್ಕಿಂತ ಸಣ್ಣ ಮರಿಗೆ ಎಷ್ಟಾಗಬಹುದು ಯೋಚಿಸಿ. ಇದನ್ನು ಪೂರ್ತಿ ನಿಲ್ಲಿಸಿ. ಸೀಮೆಎಣ್ಣೆ ಒರೆಸುವುದು, ಬೆಳ್ಳುಳ್ಳಿ ತಿನ್ನಿಸುವುದು, ನುಸಿಗುಳಿಗೆ ಪುಡಿ ಮಾಡಿ ಹಾಸಿಗೆಗೆ ಹಾಕುವುದು, ಇವೂ ಅಷ್ಟೇ. ಬೆಳ್ಳುಳ್ಳಿ, ಈರುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ. ಅದರಲ್ಲೂ ಬೆಕ್ಕಿಗೆ ಸ್ವಲ್ಪವೇ ಸಾಕು.

ಬೇವಿನ ಎಣ್ಣೆ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಉಣ್ಣೆಯನ್ನು ಸ್ವಲ್ಪ ಹೊತ್ತು ದೂರ ಇಡಬಹುದು. ಆದರೆ ಕಚ್ಚಿ ಕೂತ ನೂರಾರು ಉಣ್ಣೆಗೆ ಅದು ಸಾಲದು. ಅದನ್ನೇ ನಂಬಿ ಕೂತರೆ ಕಾಯಿಲೆ ಅಷ್ಟರಲ್ಲಿ ರಕ್ತಕ್ಕೆ ಸೇರಿರುತ್ತದೆ.

ಹೆಂಚಿನ ಮನೆಯವ, ನಜರ್‌ಬಾದ್

ಕರಿಯನ ಅಮ್ಮನವರೇ, ಸ್ವಲ್ಪ ನಿಮ್ಮ ಗೋಡೆ ನೋಡಿ. ನಾಯಿಯನ್ನು ಎಷ್ಟು ತೊಳೆದರೂ ಮುಗಿಯುವುದಿಲ್ಲ, ಉಣ್ಣೆಯ ಮನೆ ನಾಯಿಯ ಮೈಯಲ್ಲ.

ನಮ್ಮದು ಹಳೆಯ ಮನೆ, ಸುಣ್ಣದ ಗಾರೆ. ಒಂದು ಸಂಜೆ ನಾಯಿ ಮಲಗುವ ಜಗುಲಿಯ ಹತ್ತಿರ ಟಾರ್ಚ್ ಹಿಡಿದು ಕೂತೆ. ಬೂದುಬಣ್ಣದ, ಹೊಟ್ಟೆ ಉಬ್ಬಿದ ಉಣ್ಣೆಯೊಂದು ಗೋಡೆ ಹತ್ತುತ್ತಿತ್ತು. ನಿಧಾನಕ್ಕೆ, ನೇರ ಮೇಲಕ್ಕೆ. ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಕಡೆ ಒಂದು ಕೂದಲೆಳೆಯಷ್ಟು ಬಿರುಕು. ಅದರೊಳಗೆ ನುಗ್ಗಿತು. ಚಾಕುವಿನ ತುದಿಯಿಂದ ಆ ಬಿರುಕಿನ ಗಾರೆ ಕೆರೆದೆ. ಒಳಗೆ ಕಂದು ಬಣ್ಣದ, ಸಾಸಿವೆಗಿಂತ ಸಣ್ಣ ಮೊಟ್ಟೆಗಳು, ಒಂದಕ್ಕೊಂದು ಅಂಟಿಕೊಂಡು ಗುಡ್ಡೆ. ಪಕ್ಕದಲ್ಲಿ ಒಣಗಿ ಸತ್ತ ತಾಯಿ ಉಣ್ಣೆ. ಇನ್ನೊಂದು ಬಿರುಕಿನಲ್ಲಿ ಆಗಲೇ ಮರಿಯಾಗಿತ್ತು. ಊದಿದರೆ ಹಾರಿಹೋಗುವಷ್ಟು ಸಣ್ಣ, ಆರೇ ಕಾಲು.

ಆವತ್ತಿನಿಂದ ನಾಯಿಗಿಂತ ಗೋಡೆಯನ್ನೇ ಜಾಸ್ತಿ ನೋಡಿಕೊಂಡೆವು. ಬಿರುಕುಗಳನ್ನೆಲ್ಲ ಸಿಮೆಂಟ್ ಹಾಕಿ ಮುಚ್ಚಿಸಿದೆವು. ನಾಯಿಯ ಗೋಣಿಚೀಲ ಸುಟ್ಟುಹಾಕಿ, ಕುದಿನೀರಲ್ಲಿ ತೊಳೆಯಬಹುದಾದ ಹತ್ತಿ ಹಾಸು ಕೊಟ್ಟೆವು. ಕಾಂಪೌಂಡಿನ ಪಕ್ಕದ ಹುಲ್ಲು, ಕಸ, ಒಡೆದ ಹೆಂಚಿನ ರಾಶಿ ತೆಗೆಸಿದೆವು.

ಪಶುವೈದ್ಯೆ, ಮಂಡ್ಯ

ಸರ್, ನೀವು ಕಣ್ಣಾರೆ ನೋಡಿ ಬರೆದದ್ದು ಎಲ್ಲರೂ ಓದಬೇಕಾದದ್ದು. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ, ಉದ್ದವಾದರೂ ಓದಿ.

ನಮ್ಮ ಊರುಗಳಲ್ಲಿ ನಾಯಿಗೆ ಹತ್ತುವುದು ಹೆಚ್ಚಾಗಿ ಕಂದು ನಾಯಿ ಉಣ್ಣೆ. ಬೇರೆ ಬಹಳಷ್ಟು ಉಣ್ಣೆಗಳು ಕಾಡು, ಹುಲ್ಲುಗಾವಲು ಬಿಟ್ಟು ಬರುವುದಿಲ್ಲ. ಇದು ಮನುಷ್ಯರ ಮನೆಯೊಳಗೇ ಸಂಸಾರ ಹೂಡುತ್ತದೆ. ಮೊಟ್ಟೆಯಿಂದ ಬಂದ ಮರಿ ನಾಯಿಯ ಮೇಲೆ ಹತ್ತಿ ರಕ್ತ ಕುಡಿದು ಕೆಳಗೆ ಬೀಳುತ್ತದೆ. ಗೋಡೆ ಸೇರಿ ಪೊರೆ ಕಳಚುತ್ತದೆ. ಈಗ ಅದಕ್ಕೆ ಎಂಟು ಕಾಲು. ಮತ್ತೆ ಹತ್ತಿ, ಕುಡಿದು, ಬಿದ್ದು, ಪೊರೆ ಕಳಚಿ ದೊಡ್ಡದಾಗುತ್ತದೆ. ಮೂರನೇ ಸಲ ಹತ್ತಿದಾಗ ಹೆಣ್ಣು ಹೊಟ್ಟೆ ತುಂಬಾ ಕುಡಿದು, ಗೋಡೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಬೆಚ್ಚಗಿದ್ದರೆ ಇಷ್ಟೂ ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ನಾಯಿ ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸ ಇದ್ದು ಕಾಯುತ್ತದೆ. ಬಾಡಿಗೆ ಮನೆಗೆ ಹೊಸದಾಗಿ ಬಂದವರ ನಾಯಿಗೆ ಮೊದಲ ವಾರವೇ ಉಣ್ಣೆ ಹತ್ತುವುದು ಇದರಿಂದ. ಹಿಂದಿನವರ ನಾಯಿ ಬಿಟ್ಟುಹೋದ ಆಸ್ತಿ ಅದು.

ಹಾಗಾಗಿ ಶಾಂಪೂ ಆವತ್ತು ಮೈಮೇಲೆ ಇದ್ದದ್ದನ್ನು ಮಾತ್ರ ಕೊಲ್ಲುತ್ತದೆ, ತೊಳೆದ ಮೇಲೆ ಅದರ ಕೆಲಸ ಮುಗಿಯಿತು. ಗೋಡೆಯಿಂದ ಕೆಳಗಿಳಿಯುವ ಒಂದೊಂದು ಉಣ್ಣೆಯೂ ನಾಯಿಯನ್ನು ಕಚ್ಚಿದ ಕೂಡಲೇ ಸಾಯುವ ಹಾಗೆ, ನಾಯಿಯ ಮೈಯಲ್ಲಿ ಔಷಧಿ ಬಿಡುವಿಲ್ಲದೆ ಇರಬೇಕು. ಆಗ ಗೋಡೆಯ ಸಂತತಿ ತಾನಾಗಿಯೇ ಬರಿದಾಗುತ್ತದೆ. ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಡುವೆ ಒಂದು ತಿಂಗಳು ಬಿಟ್ಟರೆ ಮತ್ತೆ ಮೊದಲಿಂದ.

ಕತ್ತಿನ ಹಿಂದೆ ಬಿಡುವ ಫಿಪ್ರೊನಿಲ್ ಹನಿ ಇದೆ. ಕೂದಲು ಬಿಡಿಸಿ ಚರ್ಮಕ್ಕೇ ತಾಗಿಸಿ ಬಿಡಬೇಕು, ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ತಿನ್ನಿಸುವ ಮಾತ್ರೆಗಳಿವೆ. ಅಫಾಕ್ಸೊಲಾನರ್, ಸರೊಲಾನರ್ ತಿಂಗಳಿಗೊಮ್ಮೆ, ಫ್ಲುರಾಲಾನರ್ ಒಮ್ಮೆ ಕೊಟ್ಟರೆ 12 ವಾರ. ಬೆಲೆ ಜಾಸ್ತಿ, ಒಪ್ಪುತ್ತೇನೆ. ಆದರೆ ಬೆಕ್ಕಿರುವ ಮನೆಗೆ ಇವೇ ಅನುಕೂಲ, ನಾಯಿಯ ಮೈಮೇಲೆ ನೆಕ್ಕಲು ಏನೂ ಇರುವುದಿಲ್ಲ. ಮಾತ್ರೆ ಕೊಟ್ಟ ಮೇಲೂ ಉಣ್ಣೆ ಕಂಡರೆ ಗಾಬರಿ ಬೇಡ, ಕಚ್ಚಿದ ಮೇಲೆ ತಾನೇ ಅದಕ್ಕೆ ಔಷಧಿ ಸಿಗುವುದು. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬಂದಿರುವುದರಿಂದ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಪುಟ್ಟಿಗೆ ಬೆಕ್ಕಿಗೆ ಅಂತಲೇ ಬರುವ ಫಿಪ್ರೊನಿಲ್ ಹನಿ ತನ್ನಿ, ನಾಯಿಯದ್ದನ್ನು ಭಾಗ ಮಾಡಬೇಡಿ.

ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸುವವರೂ ಇದ್ದಾರೆ. ಕೋಲಿ, ಶೆಲ್ಟಿ ಜಾತಿಯ ನಾಯಿಗಳಿಗೆ, ಅವುಗಳ ಬೆರಕೆಗೆ ಇದು ಜೀವಕ್ಕೇ ಕುತ್ತು. ಅವುಗಳಲ್ಲಿ ಅನೇಕಕ್ಕೆ ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿರುತ್ತದೆ. ವೈದ್ಯರಲ್ಲದವರ ಕೈಯಲ್ಲಿ ಈ ಸೂಜಿ ಯಾವ ನಾಯಿಗೂ ಬೇಡ.

ಕರಿಯನ ಅಮ್ಮ, ಕುವೆಂಪುನಗರ

ಗೋಡೆ ನೋಡಿದೆ. ಮೆಟ್ಟಿಲ ಕೆಳಗೆ ಅವನು ಮಲಗುವ ಕಡೆ, ಸ್ಕರ್ಟಿಂಗ್ ಟೈಲ್ಸಿನ ಹಿಂದೆಯೇ ಇವೆ! ಪರದೆಯ ಮಡಿಕೆಯಲ್ಲೂ ಎರಡು ಸಿಕ್ಕವು. ಟೈಲ್ಸಿನವನನ್ನು ಕರೆಸುತ್ತಿದ್ದೇನೆ.

ಕೀಳುವುದು ಹೇಗೆ ಅಂತ ಒಂದು ಸಲ ಹೇಳಿಬಿಡಿ ಡಾಕ್ಟ್ರೇ. ನಮ್ಮ ಅತ್ತೆ ಬೆಂಕಿಕಡ್ಡಿ ಗೀರಿ ಹಿಂದೆ ಮುಟ್ಟಿಸಿದರೆ ಬಿಡುತ್ತದೆ ಅನ್ನುತ್ತಾರೆ.

ಪಶುವೈದ್ಯೆ, ಮಂಡ್ಯ

ಬೆಂಕಿ, ಸೀಮೆಎಣ್ಣೆ ಬೇಡ. ಉಣ್ಣೆ ಸಂಕಟಕ್ಕೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಸಣ್ಣ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ, ಅದರ ಬಾಯಿಯ ಹತ್ತಿರ ಹಿಡಿದು ನೇರ ಎಳೆಯಿರಿ. ಹೊಟ್ಟೆ ಅಮುಕಬೇಡಿ. ಉಗುರಿನಲ್ಲಿ ಕುಕ್ಕಿ ಸಾಯಿಸುವ ಅಭ್ಯಾಸ ತುಂಬ ಜನರಿಗಿದೆ, ಅದನ್ನೂ ಬಿಡಿ. ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ.

ಬೋಗಾದಿ ರಸ್ತೆಯವಳು

ನಾನು ಒಂದು ಮಾತು ಸೇರಿಸಲೇಬೇಕು. ಉಣ್ಣೆ ಅಂದರೆ ಬರೀ ತುರಿಕೆ ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮ ಲ್ಯಾಬ್ರಡಾರ್ ಚಿನ್ನಿ ಊಟ ಬಿಟ್ಟಳು. ಸೆಕೆಗೆ ಇರಬೇಕು ಅಂದರು ಎಲ್ಲರೂ. ಎರಡು ದಿನ ಬಿಟ್ಟು ಬೆಳಗ್ಗೆ ನೋಡಿದರೆ ಮೂಗಿನಿಂದ ರಕ್ತ. ಒಸಡು ಎತ್ತಿ ನೋಡಿದೆವು, ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್ಲೆಟ್ ಪಾತಾಳಕ್ಕೆ ಇಳಿದಿತ್ತು. ಅವಳು ಬದುಕಿದಳು. ಈಗಲೂ ಅವಳು ತಟ್ಟೆ ಮುಂದೆ ಸುಮ್ನೆ ನಿಂತರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಪಶುವೈದ್ಯೆ, ಮಂಡ್ಯ

ಅದು ಎರ್ಲಿಕಿಯಾ ಆಗಿರಬೇಕು. ಜನ "ಟಿಕ್ ಫೀವರ್" ಅನ್ನುವುದು ಹೆಚ್ಚಾಗಿ ಇದನ್ನೇ. ಬಿಳಿ ರಕ್ತಕಣದೊಳಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರಕ್ಕೆ ಜ್ವರ, ಊಟ ಬೇಡ, ಸುಸ್ತು. ಕೆಲವು ನಾಯಿಗಳಲ್ಲಿ ತಾನಾಗಿ ಇಳಿದ ಹಾಗೆ ಕಾಣುತ್ತದೆ, ಅದೇ ಮೋಸ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಒಳಗೇ ಇದ್ದು ಮೂಳೆಮಜ್ಜೆಯನ್ನು ಹಾಳು ಮಾಡುತ್ತದೆ. ಆಮೇಲೆ ಉಳಿಸುವುದು ಬಹಳ ಕಷ್ಟ.

ಔಷಧಿ ಡಾಕ್ಸಿಸೈಕ್ಲಿನ್, ಸಾಮಾನ್ಯವಾಗಿ 28 ದಿನ. ಕೈಮುಗಿದು ಕೇಳುತ್ತೇನೆ, ಪೂರ್ತಿ ಕೊಡಿ. ಮೂರನೇ ದಿನಕ್ಕೆ ನಾಯಿ ಬಾಲ ಅಲ್ಲಾಡಿಸುತ್ತದೆ, ವಾರಕ್ಕೆ ಮುದ್ದೆ ಸಾರು ಚೆನ್ನಾಗಿ ತಿನ್ನುತ್ತದೆ, ಮಾತ್ರೆ ಡಬ್ಬಿ ಅಲಮಾರು ಸೇರುತ್ತದೆ. ಕಾಯಿಲೆ ಮರುಕಳಿಸಿ ಬರುವ ನಾಯಿಗಳಲ್ಲಿ ಎಷ್ಟೋ ಹೀಗೆ ಆದವು.

ಇನ್ನೊಂದು ಬಬೀಸಿಯಾ. ಇದು ಕೆಂಪು ರಕ್ತಕಣದೊಳಗಿನ ಪರಾವಲಂಬಿ. ಮೂತ್ರ ಕೆಂಪು ಅಥವಾ ಕಾಫಿ ಬಣ್ಣ, ಕಣ್ಣು ಹಳದಿ, ಒಸಡು ಬಿಳಿ. ಔಷಧಿ ಬೇರೆ. ಎರಡೂ ಒಟ್ಟಿಗೆ ಇರುವ ನಾಯಿಗಳೂ ಇವೆ. ಹಾಗಾಗಿ ಅಂಗಡಿಯಲ್ಲಿ ಮಾತ್ರೆ ಕೇಳಿ ತರಬೇಡಿ, ಒಂದು ಹನಿ ರಕ್ತ ಸ್ಲೈಡಿನ ಮೇಲೆ ನೋಡಿಸಿ. ಬಬೀಸಿಯಾ ದಾಟಲು ಉಣ್ಣೆ ಒಂದೆರಡು ದಿನ ಕಚ್ಚಿಕೊಂಡಿರಬೇಕು. ಎರ್ಲಿಕಿಯಾಕ್ಕೆ ಕೆಲವೇ ಗಂಟೆ ಸಾಕು. ದಿನಾ ಕೈಯಾಡಿಸಿ ನೋಡುವುದು ಒಳ್ಳೆಯದು, ಆದರೆ ಅದೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಕಾಡು ಸುತ್ತುವವ, ವಿಜಯನಗರ

ನಾವು ಬಂಡೀಪುರದ ಕಡೆ ನೆಂಟರ ತೋಟಕ್ಕೆ ನಾಯಿ ಕರೆದುಕೊಂಡು ಹೋಗುತ್ತೇವೆ. ಮನೆ ನಾಯಿಯ ಉಣ್ಣೆಯಿಂದ ಮಂಗನ ಕಾಯಿಲೆ ಬರುತ್ತದಾ? ಮನೆಯಲ್ಲಿ ಎಲ್ಲರಿಗೂ ಅದೇ ಭಯ.

ಪಶುವೈದ್ಯೆ, ಮಂಡ್ಯ

ಮಂಗನ ಕಾಯಿಲೆ ಹರಡುವ ಮುಖ್ಯ ಉಣ್ಣೆ ಬೇರೆ, ಕಾಡಿನದು. ಗೋಡೆಯಲ್ಲಿರುವ ಕಂದು ನಾಯಿ ಉಣ್ಣೆಯಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದರು, 2012ರಲ್ಲಿ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಕಾಡಂಚಿಗೆ ಹೋದರೆ, ಅದರಲ್ಲೂ ಡಿಸೆಂಬರಿನಿಂದ ಮೇವರೆಗೆ, ನಿಮ್ಮ ಮೈಯನ್ನೂ ನಾಯಿಯ ಮೈಯನ್ನೂ ಕಾರು ಹತ್ತುವ ಮುಂಚೆಯೇ ನೋಡಿಕೊಳ್ಳಿ. ಕಾಡಿನ ಉಣ್ಣೆಯನ್ನು ನಾಯಿ ಮನೆಗೆ ಹೊತ್ತು ತರಬಾರದು. ಮಂಗ ಸತ್ತು ಬಿದ್ದಿರುವ ಜಾಗಕ್ಕೆ ಹೋಗಲೇಬೇಡಿ.

ಮೂರು ಬೆಕ್ಕಿನ ಮನೆ, ಮಂಡ್ಯ

ಬೆಕ್ಕಿನವರ ಪ್ರಶ್ನೆ ಒಂದು. ನಮ್ಮ ಬೆಕ್ಕು ಮಲಗಿದ್ದ ಕಡೆ ಬಿಳೀ ಅಕ್ಕಿನುಚ್ಚಿನಂಥದ್ದು ಬಿದ್ದಿರುತ್ತದೆ. ಹಸಿಯಾಗಿದ್ದಾಗ ಸ್ವಲ್ಪ ಮಿಸುಕುತ್ತದೆ. ಜಂತುಹುಳದ ಮಾತ್ರೆ ಕೊಟ್ಟಾಯಿತು, ಮತ್ತೆ ಬಂತು. ಮಾತ್ರೆ ಕೆಟ್ಟಿದೆಯಾ?

ಪಶುವೈದ್ಯೆ, ಮಂಡ್ಯ

ಅದು ಲಾಡಿಹುಳದ ತುಂಡು. ಕೊಟ್ಟ ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಇತ್ತಾ ನೋಡಿ. ಪೈರಾಂಟೆಲ್ ಒಂದೇ ಇದ್ದರೆ ದುಂಡುಹುಳ, ಕೊಕ್ಕೆಹುಳ ಹೋಗುತ್ತವೆ, ಲಾಡಿಹುಳ ಹಾಗೇ ಇರುತ್ತದೆ. ಪ್ರಾಜಿಕ್ವಾಂಟೆಲ್ ಇದ್ದೂ ಮತ್ತೆ ಬಂದಿದ್ದರೆ ಮನೆಯಲ್ಲಿ ಚಿಗಟ ಇದೆ. ಈ ಹುಳದ ಮರಿ ಚಿಗಟದ ಹೊಟ್ಟೆಯಲ್ಲಿ ಬೆಳೆಯುತ್ತದೆ. ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗುತ್ತದೆ, ಹುಳ ಹೊಟ್ಟೆ ಸೇರುತ್ತದೆ. ಚಿಗಟ ಹೋಗದೆ ಲಾಡಿಹುಳ ಹೋಗುವುದಿಲ್ಲ.

ಚಿಗಟ ಕಣ್ಣಿಗೆ ಬೀಳುವುದು ಅಪರೂಪ. ಹೇನು ಬಾಚುವ ಬಾಚಣಿಗೆಯಿಂದ ಬಾಲದ ಬುಡದಲ್ಲಿ ಬಾಚಿ. ಕಪ್ಪು ಪುಡಿ ಬರುತ್ತದೆ. ಒದ್ದೆ ಬಿಳೀ ಬಟ್ಟೆಯ ಮೇಲೆ ಉದುರಿಸಿ ಒಂದು ನಿಮಿಷ ಬಿಡಿ. ಸುತ್ತ ಕೆಂಪು ಕಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ಚಿಗಟ ಕುಡಿದು ಹಾಕಿದ ರಕ್ತ.

ಮೂರು ಬೆಕ್ಕಿನ ಮನೆ, ಮಂಡ್ಯ

ಮಾಡಿ ನೋಡಿದೆ ಮೇಡಂ. ಬಣ್ಣ ಬಿಟ್ಟಿತು. ಮೂರು ಬೆಕ್ಕಿಗೂ ಇದೆ. ದಸರಾ ರಜೆಗೆ ಊರಿಗೆ ಹೋಗಿ ಬಂದಾಗ ಬಾಗಿಲು ತೆಗೆದ ಕೂಡಲೇ ಕಾಲಿಗೆ ಏನೋ ಕಚ್ಚಿತ್ತು, ಈಗ ಅರ್ಥವಾಯಿತು.

ಪಶುವೈದ್ಯೆ, ಮಂಡ್ಯ

ಹೌದು, ಗೂಡಿನೊಳಗಿನ ಚಿಗಟ ನೆಲದ ಅದುರು, ಮೈಯ ಬಿಸಿ ತಾಗುವ ತನಕ ಕಾಯುತ್ತಿರುತ್ತದೆ. ಬೀಗ ಹಾಕಿದ ಮನೆಗೆ ಜನ ಬಂದ ಕೂಡಲೇ ಎಲ್ಲ ಒಟ್ಟಿಗೆ ಹೊರಬರುತ್ತವೆ. ಬೆಕ್ಕಿನ ಮೈಮೇಲೆ ಕಾಣುವುದು ಸ್ವಲ್ಪ. ಮೊಟ್ಟೆ, ಮರಿಹುಳ, ಗೂಡು ಸೇರಿ ನೂರರಲ್ಲಿ ಸುಮಾರು 95 ಭಾಗ ಸೋಫಾ, ಚಾಪೆ, ಮಂಚದ ಕೆಳಗೆ ಇರುತ್ತದೆ. ಮೂರು ಬೆಕ್ಕಿಗೂ ಒಂದೇ ದಿನ ಔಷಧಿ ಹಾಕಿ, ಹಾಸಿಗೆ ಬಿಸಿನೀರಲ್ಲಿ ಒಗೆದು ಉರಿಬಿಸಿಲಿಗೆ ಹಾಕಿ, ಮೂಲೆಮೂಲೆ ಗುಡಿಸಿ ಕಸ ಮನೆಯಿಂದ ಆಚೆಗೇ ಸಾಗಿಸಿ. ತಿಂಗಳು ಬಿಡದೆ ಔಷಧಿ ಮುಂದುವರಿಸಿ.

ತೀರಾ ಸಣ್ಣ ಮರಿಗಳಿದ್ದರೆ ಹನಿ ಔಷಧಿ ಬೇಡ, ಬಾಚಣಿಗೆಯೇ ಔಷಧಿ. ಬಾಚಿದ್ದನ್ನು ಸೋಪಿನ ನೀರಿಗೆ ಅದ್ದಿ. ಇದನ್ನು ಅಸಡ್ಡೆ ಮಾಡಬೇಡಿ, ಚಿಗಟ ಜಾಸ್ತಿಯಾದರೆ ಬೆಕ್ಕಿನ ಮರಿ ರಕ್ತ ಕಡಿಮೆಯಾಗಿಯೇ ಸಾಯುತ್ತದೆ.

ಕುರಿ ದೊಡ್ಡಿ, ಮಳವಳ್ಳಿ ತಾಲ್ಲೂಕು

ನಮ್ಮದು ಬಂಡೂರು ಕುರಿ. ಕಾಯಲು ಎರಡು ನಾಯಿ ಇವೆ. ಹೊಸತೊಡಕು, ಮಾರಿಹಬ್ಬದಲ್ಲಿ ಕುರಿ ಕುಯ್ದಾಗ ನೀರುಗುಳ್ಳೆ ಇರುವ ಲಿವರ್ ಸಿಕ್ಕರೆ ನಾವು ತಿನ್ನಲ್ಲ, ನಾಯಿಗೆ ಎಸೆಯುತ್ತೇವೆ. ಎಲ್ಲರೂ ಹಾಗೇ ಮಾಡುವುದು. ಜಂತುಹುಳ ಆಗುತ್ತದಾ?

ಪಶುವೈದ್ಯೆ, ಮಂಡ್ಯ

ಅಣ್ಣ, ಇಷ್ಟು ಒಳ್ಳೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆ ನೀರುಗುಳ್ಳೆಯೊಳಗೆ ಇರುವುದು ಒಂದು ಲಾಡಿಹುಳದ ಮರಿ. ನಾಯಿ ಹಸಿಯಾಗಿ ತಿಂದರೆ ಅದರ ಕರುಳಿನಲ್ಲಿ ಸಾವಿರಾರು ಹುಳ ಬೆಳೆಯುತ್ತವೆ. ಒಂದೊಂದೂ ಅರ್ಧ ಸೆಂಟಿಮೀಟರ್ ಆಸುಪಾಸು, ಹಾಗಾಗಿ ಕಕ್ಕಸಿನಲ್ಲಿ ಹುಡುಕಿದರೂ ಕಾಣುವುದಿಲ್ಲ. ನಾಯಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದರ ಮೊಟ್ಟೆ ಹುಲ್ಲಿಗೆ, ನೀರಿಗೆ, ನಾಯಿಯ ಕೂದಲಿಗೆ ಸೇರಿ ಕುರಿಯ ಹೊಟ್ಟೆಗೂ ಮನುಷ್ಯರ ಹೊಟ್ಟೆಗೂ ಹೋಗುತ್ತದೆ. ನಾಯಿಯ ಮೈದಡವಿ ಕೈ ತೊಳೆಯದೆ ಮಕ್ಕಳು ಊಟಕ್ಕೆ ಕೂತರೆ ಸಾಕು. ಆಮೇಲೆ ಮನುಷ್ಯರ ಲಿವರಿನಲ್ಲಿ, ಶ್ವಾಸಕೋಶದಲ್ಲಿ ಅದೇ ನೀರುಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ನೇ ಆಗಬೇಕು.

ಗುಳ್ಳೆ ಕಂಡ ಲಿವರ್, ಶ್ವಾಸಕೋಶ ನಾಯಿ ತೋಡದಷ್ಟು ಆಳಕ್ಕೆ ಹೂಳಿ, ಇಲ್ಲ ಸುಟ್ಟುಬಿಡಿ. ನಾಯಿಗೆ ಬೋಟಿ ಹಾಕುವುದೇ ಆದರೆ ಚೆನ್ನಾಗಿ ಬೇಯಿಸಿ. ಕುರಿ ದೊಡ್ಡಿಯ ನಾಯಿಗಳಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಮಾತ್ರೆ, ತೂಕ ನೋಡಿ. ಮಾತ್ರೆ ಕೊಟ್ಟ ಎರಡು ಮೂರು ದಿನ ಕಟ್ಟಿಹಾಕಿ, ಅದರ ಕಕ್ಕಸು ಹೂಳಿ ಅಥವಾ ಸುಡಿ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಬ್ಬದ ದಿನ ಊರಿನ ಕಸಾಯಿಯವರಿಗೂ ಒಂದು ಮಾತು ಹೇಳಿ, ನೀವು ಹೇಳಿದರೆ ಕೇಳುತ್ತಾರೆ.

ಕುರಿ ದೊಡ್ಡಿ, ಮಳವಳ್ಳಿ ತಾಲ್ಲೂಕು

ಹೇಳುತ್ತೇನೆ ಮೇಡಂ. ನಮ್ಮ ಚಿಕ್ಕಪ್ಪನಿಗೆ ಲಿವರಿನಲ್ಲಿ ನೀರುಗುಳ್ಳೆ ಅಂತ ಆಪರೇಷನ್ ಆಗಿತ್ತು. ಎಲ್ಲಿಂದ ಬಂತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಮಗಳ ತಂದೆ, ಶ್ರೀರಂಗಪಟ್ಟಣ

ಓದುತ್ತಾ ಓದುತ್ತಾ ಭಯವಾಗುತ್ತಿದೆ. ನಾಲ್ಕು ವಾರದ ನಾಯಿಮರಿ ತಂದಿದ್ದೇವೆ, ಮಗಳು ಅದರ ಜೊತೆಯೇ ಮಣ್ಣಲ್ಲಿ ಆಡುತ್ತಾಳೆ. ಮರಿ ಸಣ್ಣದಲ್ವಾ, ಹುಳದ ಔಷಧಿ ಮೂರು ತಿಂಗಳಾದ ಮೇಲೆ ಸಾಕು ಅಂದರು ಅಕ್ಕಪಕ್ಕದವರು.

ಪಶುವೈದ್ಯೆ, ಮಂಡ್ಯ

ಮೂರು ತಿಂಗಳು ಕಾಯಬೇಡಿ, ಈಗಲೇ ತಡವಾಗಿದೆ. ದುಂಡುಹುಳ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನಾಯಿಮರಿಗೆ ಸೇರುತ್ತದೆ, ಕೊಕ್ಕೆಹುಳ ತಾಯಿಯ ಹಾಲಿನಲ್ಲೂ ಬರುತ್ತದೆ. ಹಾಗಾಗಿ ಎರಡನೇ ವಾರಕ್ಕೆ ಶುರುಮಾಡಿ ಎರಡೆರಡು ವಾರಕ್ಕೆ ಎಂಟು ವಾರದ ತನಕ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ. ಬೆಕ್ಕಿನ ಮರಿಗೆ ಮೂರನೇ ವಾರದಿಂದ. ಹೊಟ್ಟೆ ಉಬ್ಬಿ ಮೈ ಸೊರಗಿದ್ದರೆ, ಭೇದಿ ಕಪ್ಪಗಿದ್ದರೆ ಇವತ್ತೇ ತೋರಿಸಿ.

ಮಗುವಿನ ವಿಷಯ. ದುಂಡುಹುಳದ ಮೊಟ್ಟೆ ಕಕ್ಕಸಿನಲ್ಲಿ ಬಿದ್ದ ದಿನವೇ ಅಂಟುವುದಿಲ್ಲ, ಬಲಿಯಲು ಎರಡರಿಂದ ನಾಲ್ಕು ವಾರ ಬೇಕು. ಬಲಿತರೆ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮಗುವಿನ ಹೊಟ್ಟೆಗೆ ಹೋದರೆ ಅದರ ಮರಿಗಳು ಲಿವರಿಗೆ, ಕೆಲವೊಮ್ಮೆ ಕಣ್ಣಿಗೆ ಹೋಗಿ ದೃಷ್ಟಿ ಕೆಡಿಸಬಹುದು. ದಿನಾ ಮರಿಯ ಕಕ್ಕಸು ಎತ್ತಿಹಾಕಿದರೆ ಅರ್ಧ ಯುದ್ಧ ಗೆದ್ದಂತೆ. ಮಗಳಿಗೆ ಚಪ್ಪಲಿ ಹಾಕಿಸಿ, ಒದ್ದೆ ಮಣ್ಣಿನ ಕೊಕ್ಕೆಹುಳ ಬರಿಗಾಲಿನಿಂದಲೇ ಒಳಗೆ ಬರುತ್ತದೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ. ಇಷ್ಟು ಮಾಡಿದರೆ ಇಬ್ಬರೂ ಧಾರಾಳವಾಗಿ ಆಡಲಿ. ನಾಯಿಮರಿಯ ಜೊತೆ ಬೆಳೆಯುವುದು ಮಗುವಿಗೆ ದೊಡ್ಡ ಭಾಗ್ಯ.

ಬಸುರಿ, ಚಾಮರಾಜಪುರಂ

ಡಾಕ್ಟ್ರೇ, ನಂಗೀಗ ಮೂರು ತಿಂಗಳು. ಮನೆಯಲ್ಲಿ ಬೆಕ್ಕನ್ನು ಎಲ್ಲಾದರೂ ಬಿಟ್ಟು ಬನ್ನಿ ಅನ್ನುತ್ತಿದ್ದಾರೆ. ದಿನಾ ಅಳು ಬರುತ್ತದೆ.

ಪಶುವೈದ್ಯೆ, ಮಂಡ್ಯ

ಅಳಬೇಡಮ್ಮ, ಬಿಡಲೂಬೇಡ. ಅವರ ಭಯ ಟಾಕ್ಸೊಪ್ಲಾಸ್ಮಾ ಬಗ್ಗೆ, ಬಸುರಿಯರಿಗೆ ಅಂಟಿದರೆ ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಹುದಾದ ಪರಾವಲಂಬಿ ಅದು. ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ, ಅದೂ ಒಂದರಿಂದ ಮೂರು ವಾರ ಮಾತ್ರ, ಅದನ್ನು ಕಕ್ಕಸಿನಲ್ಲಿ ಹೊರಹಾಕುತ್ತದೆ. ಹೊರಬಿದ್ದದ್ದು ಅಂಟಲು ಕಡಿಮೆ ಅಂದರೂ ಒಂದು ದಿನ ಬೇಕು. ಬೆಕ್ಕಿನ ಮರಳು ಡಬ್ಬಿಯನ್ನು ಗಂಡನೋ ಅತ್ತೆಯೋ ದಿನಾ ಸ್ವಚ್ಛ ಮಾಡಲಿ, ನೀನು ಮುಟ್ಟಬೇಡ. ಬೆಕ್ಕಿಗೆ ಹಸಿ ಮಾಂಸ ಬೇಡ. ನಿನಗೆ ಇದಕ್ಕಿಂತ ಜಾಸ್ತಿ ಅಪಾಯ ಇರುವುದು ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತರಕಾರಿಯಲ್ಲಿ. ಕೈತೋಟ ಕೆದಕುವಾಗ ಗ್ಲೌಸ್ ಹಾಕಿಕೋ. ನಿನ್ನ ಹೆರಿಗೆ ಡಾಕ್ಟರಿಗೆ ಬೆಕ್ಕಿರುವ ವಿಷಯ ಹೇಳು, ಬೇಕಿದ್ದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಈ ಉತ್ತರವನ್ನು ನಿಮ್ಮ ಅತ್ತೆಗೂ ಓದಿ ಹೇಳು.

ಬೀದಿನಾಯಿಗೆ ಊಟ ಹಾಕುವವರು, ಲಿಂಗಾಂಬುಧಿ ಕೆರೆ ಕಡೆ

ನಾವು ಕೆಲವರು ಸೇರಿ ಬಡಾವಣೆಯ ನಾಯಿಗಳಿಗೆ ಅನ್ನ ಹಾಕುತ್ತೇವೆ. ಅವುಗಳ ಕಿವಿ ನೋಡಲಾಗುವುದಿಲ್ಲ, ಉಣ್ಣೆ ದ್ರಾಕ್ಷಿ ಗೊಂಚಲು. ಮನೆ ನಾಯಿಗೆ ಎಷ್ಟೇ ಮಾಡಿದರೂ ಗೇಟಿನಾಚೆ ಇವು ಇದ್ದರೆ ಮತ್ತೆ ಬರುವುದಿಲ್ಲವಾ? ಎಲ್ಲವಕ್ಕೂ ದುಬಾರಿ ಮಾತ್ರೆ ಕೊಡುವ ಶಕ್ತಿ ನಮಗಿಲ್ಲ.

ಹೆಂಚಿನ ಮನೆಯವ, ನಜರ್‌ಬಾದ್

ನಮ್ಮ ಬೀದಿಯಲ್ಲಿ ಮನೆಗೆ ಇಷ್ಟು ಅಂತ ಕೂಡಿಸಿದೆವು. ನಾಯಿ ಇಲ್ಲದವರೂ ಕೊಟ್ಟರು. ಅವರ ಕಾಂಪೌಂಡಿನಲ್ಲೂ ಉಣ್ಣೆ ಹತ್ತುತ್ತಿತ್ತಲ್ಲ.

ಪಶುವೈದ್ಯೆ, ಮಂಡ್ಯ

ಅದೇ ದಾರಿ. ಜಂತುಹುಳದ ಮಾತ್ರೆ ಅಗ್ಗ, ಹತ್ತು ಕೆಜಿಗೆ ಒಂದು ಅನ್ನುವ ಲೆಕ್ಕದಲ್ಲಿ ಹೆಚ್ಚಿನವು ಬರುತ್ತವೆ. ಅದನ್ನು ಎಲ್ಲ ನಾಯಿಗೂ ಕೊಡಿ. ಅನ್ನದ ರಾಶಿಗೆ ಪುಡಿ ಮಾಡಿ ಬೆರೆಸಬೇಡಿ, ಜೋರಿನ ನಾಯಿ ಎಲ್ಲವನ್ನೂ ತಿಂದು ಸಪ್ಪೆ ನಾಯಿಗೆ ಏನೂ ಸಿಗುವುದಿಲ್ಲ. ಬೇಯಿಸಿದ ಕೋಳಿ ಚೂರಿನೊಳಗೆ ಮಾತ್ರೆ ಅಡಗಿಸಿ ಒಂದೊಂದಕ್ಕೇ ಎಸೆಯಿರಿ, ನುಂಗಿದ್ದನ್ನು ನೋಡಿ. ಪ್ರತಿ ನಾಯಿಯ ಫೋಟೊ, ತೂಕದ ಅಂದಾಜು, ತಾರೀಕು ಒಂದು ಪುಸ್ತಕದಲ್ಲಿ ಇರಲಿ.

ಉಣ್ಣೆ ಮಾತ್ರೆಗೆ ದುಡ್ಡು ಕಡಿಮೆ ಇದ್ದರೆ ಎಲ್ಲಕ್ಕೂ ಒಂದೊಂದು ತಿಂಗಳು ಕೊಟ್ಟು ನಿಲ್ಲಿಸಬೇಡಿ. ಗೇಟುಗಳ ಮುಂದೆಯೇ ಮಲಗುವ, ಜನರ ಹತ್ತಿರ ಬರುವ ನಾಯಿಗಳನ್ನು ಆರಿಸಿ, 12 ವಾರದ ಮಾತ್ರೆಯನ್ನು ಅವಕ್ಕೆ ಬಿಡದೆ ಕೊಡಿ. ಕಜ್ಜಿ ಹತ್ತಿ ಕೂದಲು ಉದುರಿದ ನಾಯಿಗಳೂ ಅದೇ ಮಾತ್ರೆಯಿಂದ ಚೇತರಿಸಿಕೊಳ್ಳುತ್ತವೆ. ಬಸುರಿ, ಹಾಲುಣಿಸುವ ಹೆಣ್ಣುನಾಯಿ, ಎಂಟು ವಾರದೊಳಗಿನ ಮರಿ ಇದ್ದರೆ ಕೊಡುವ ಮುಂಚೆ ಫೋಟೊ ಸಮೇತ ನನಗೆ ಬರೆಯಿರಿ, ಯಾವುದು ಕೊಡಬಹುದು ಹೇಳುತ್ತೇನೆ. ಮಲಗುವ ಜಾಗ ತೋರಿಸಿದರೆ ಅಲ್ಲಿ ಏನು ಹೊಡೆಯಬೇಕು, ಆ ಹೊತ್ತಿಗೆ ಅಲ್ಲಿನ ಬೆಕ್ಕುಗಳನ್ನು ಹೇಗೆ ದೂರ ಇಡಬೇಕು ಅನ್ನುವುದನ್ನೂ ಬರೆಯುತ್ತೇನೆ.

ಕರಿಯನ ಅಮ್ಮ, ಕುವೆಂಪುನಗರ

ಲಿಂಗಾಂಬುಧಿಯವರೇ, ನಾನು ಹತ್ತಿರವೇ ಇದ್ದೇನೆ. ಅಂಗಡಿಯವರು ಆ ಹನಿ ಔಷಧಿ ವಾಪಸ್ ತೆಗೆದುಕೊಂಡರು. ಆ ದುಡ್ಡಿಗೆ ಜಂತುಹುಳದ ಮಾತ್ರೆ ತಂದಿಟ್ಟಿದ್ದೇನೆ. ಭಾನುವಾರ ಬೆಳಗ್ಗೆ ಎಷ್ಟು ಹೊತ್ತಿಗೆ ಅನ್ನ ಹಾಕುತ್ತೀರಿ ಹೇಳಿ, ಕೋಳಿ ಬೇಯಿಸಿಕೊಂಡು ಬರುತ್ತೇನೆ.